ರತ್ನಳನ್ನು ಯಾರೂ ಕೇಳಲಿಲ್ಲ

ಪ್ಯಾರೀಸ್ ಕಾರ್ನರ್‌ನ ಆಂಡರ್ಸನ್ ಬೀದಿಯಲ್ಲಿ ಕಾಗದದ ಅಂಗಡಿಗಳೇ ಹೆಚ್ಚು. ಮದುವೆ ಕಾರ್ಡು, ಲೆಕ್ಕದ ಪುಸ್ತಕ, ಡೈರಿ, ರೀಮುಗಟ್ಟಲೆ ಬಿಳಿ ಹಾಳೆ. ನಾಲ್ಕು ವರ್ಷದ ಹಿಂದೆ ಅಲ್ಲಿ ದಪ್ಪ ರಟ್ಟಿನ ಒಂದು ನೋಟ್‌ಬುಕ್ ಕೊಂಡೆ, ಕಾದಂಬರಿ ಬರೆಯಲೆಂದು. ಮೊದಲ ಪುಟದಲ್ಲಿ ನನ್ನ ಹೆಸರಿದೆ. ಅಲ್ಲಿಂದಾಚೆಗೆ ಮೊನ್ನೆ ಮೊನ್ನೆಯವರೆಗೂ ಖಾಲಿ. ಆದರೂ ಯಾರಾದರೂ ಕೇಳಿದರೆ “ಬರೀತಾ ಇದ್ದೀನಿ” ಅನ್ನುತ್ತಿದ್ದೆ. ಸುಳ್ಳು ಹೇಳಿದೆ ಅನಿಸುತ್ತಿರಲಿಲ್ಲ. ಸಂಜೆ ಕೆಲಸ ಮುಗಿಸಿ, ಹೈಕೋರ್ಟಿನ ಕೆಂಪು ಗೋಡೆಯ ಕಡೆ ಮುಖ ಮಾಡಿ ಬಸ್ಸಿಗೆ ಕಾಯುವ ಹೊತ್ತನ್ನೆಲ್ಲ ನನ್ನ ಕಥಾನಾಯಕನ ಜೊತೆಗೇ ಕಳೆಯುತ್ತಿದ್ದೆನಲ್ಲ!

ಈ ಹಗಲುಗನಸು ಬರವಣಿಗೆಯ ಲೆಕ್ಕಕ್ಕೆ ಬರುತ್ತದೆಯೇ? ಊರು ಬಿಟ್ಟು ಬಂದು, ನೌಕರಿಯ ಸಂದಿಯಲ್ಲಿ ಬರೆಯುವ ನಮ್ಮಂಥವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಾವು ಮೇಜಿನ ಮುಂದೆ ಕೂರುವ ಹೊತ್ತು ಕಡಿಮೆ, ಪಾತ್ರಗಳನ್ನು ತಲೆಯಲ್ಲಿಟ್ಟುಕೊಂಡು ಓಡಾಡುವ ಹೊತ್ತು ಹೆಚ್ಚು. ಬರುತ್ತದೆ ಎಂಬುದೇ ನನ್ನ ಉತ್ತರ. ಆದರೆ ಎಲ್ಲ ಕನಸೂ ಬರುವುದಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ನನಗೆ ತೋರಿಸಿಕೊಟ್ಟದ್ದು, ನಾವೆಲ್ಲ ಓದಿ ನಕ್ಕು ಮುಂದೆ ಹೋದ ಮಾಸ್ತಿಯವರ ‘ರಂಗನ ಮದುವೆ’.

ಅದಕ್ಕೆ ಮುಂಚೆ ಫ್ರಾಯ್ಡ್‌ನ ಒಂದು ಮಾತು. 1907ರ ಡಿಸೆಂಬರ್‌ನಲ್ಲಿ ಆತ ವಿಯೆನ್ನಾದಲ್ಲಿ, ಹ್ಯೂಗೋ ಹೆಲ್ಲರ್ ಎಂಬ ಪ್ರಕಾಶಕನ ಕೋಣೆಯಲ್ಲಿ, ಕಥೆಗಾರರು ಮತ್ತು ಹಗಲುಗನಸಿನ ಬಗ್ಗೆ ಉಪನ್ಯಾಸ ಕೊಟ್ಟ. ಮಗುವಿನ ಆಟ, ದೊಡ್ಡವರ ಹಗಲುಗನಸು, ಕಥೆಗಾರನ ಕೃತಿ ಮೂರೂ ಒಂದೇ ಬಳ್ಳಿಯವು, ಬೇರಿನಲ್ಲಿರುವುದು ಈಡೇರದ ಆಸೆ ಎಂಬುದು ಅವನ ವಾದ. ಎಂಥ ಅಪಾಯ ಬಂದರೂ ಕೂದಲು ಕೊಂಕದ ಜನಪ್ರಿಯ ಕಾದಂಬರಿಯ ನಾಯಕ ಬೇರೆ ಯಾರೂ ಅಲ್ಲ, ಕನಸು ಕಾಣುವವನ ‘ನಾನು’ವೇ. ಮಾತು ನಿಜ. ಆದರೆ ಆ ‘ನಾನು’ವಿನಿಂದ ಪಾತ್ರ ಯಾವಾಗ ಬೇರೆಯಾಗುತ್ತದೆ ಎಂಬುದು ಫ್ರಾಯ್ಡ್‌ಗಿಂತ ಕಥೆಗಾರನಿಗೆ ಹೆಚ್ಚು ಬೇಕಾದ ಸಂಗತಿ.

ಆ ಉಪನ್ಯಾಸವಾಗಿ ಎರಡು ಮೂರು ವರ್ಷಕ್ಕೆ, 1910ರ ಸುಮಾರಿಗೆ, ಮಾಸ್ತಿ ‘ರಂಗನ ಮದುವೆ’ ಬರೆದರು. ಇನ್ನೂ ಓದುತ್ತಿದ್ದ ಹುಡುಗ. 1914ರಲ್ಲಿ ಎಂ.ಎ. ಮಾಡಿದ್ದು ಇದೇ ಮದರಾಸಿನಲ್ಲಿ. ಕತೆ ಹೇಳುವವನು ಹೊಸಹಳ್ಳಿಯ ಶ್ಯಾಮ. ಬೆಂಗಳೂರಿನಲ್ಲಿ ಓದಿ ಊರಿಗೆ ಬಂದ ರಂಗನನ್ನು ನೋಡಿ, ಇವನಿಗೆ ರಾಮರಾಯರ ಮನೆಯ ರತ್ನಳೇ ಸರಿ ಎಂದು ಮನಸ್ಸಿನಲ್ಲೇ ಜೋಡಿ ಮಾಡುತ್ತಾನೆ. ರಂಗನಿಗೋ, ತಿಳಿವಳಿಕೆ ಬಂದ ಹುಡುಗಿಯನ್ನು ತಾನೇ ಮೆಚ್ಚಿ ಮದುವೆಯಾಗುವ ಆಸೆ. ರತ್ನಳಿಗೆ 11 ವರ್ಷ. ಶ್ಯಾಮ ಅವಳನ್ನು ಮನೆಗೆ ಕರೆಸಿ ಹಾಡಿಸುತ್ತಾನೆ, ಅದೇ ಹೊತ್ತಿಗೆ ರಂಗ ಬಾಗಿಲಿಗೆ ಬರುವಂತೆ ನೋಡಿಕೊಳ್ಳುತ್ತಾನೆ. ಆಮೇಲೆ ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳಿ ರಂಗನ ಮುಖ ಬಾಡಿಸುತ್ತಾನೆ. ಕೊನೆಗೆ ಶಾಸ್ತ್ರಿಗಳ ಬಾಯಿಂದ ಜ್ಯೋತಿಷ್ಯ ಹೇಳಿಸಿ ಕಾರ್ಯ ಸಾಧಿಸುತ್ತಾನೆ.

ಇದನ್ನು ಹಳ್ಳಿಯ ತಮಾಷೆಯಾಗಿ ಓದಬಹುದು. ನನಗೆ ಈಗ ಅದು ಒಬ್ಬ ಕಥೆಗಾರನ ಚಿತ್ರದಂತೆ ಕಾಣುತ್ತದೆ. ಶ್ಯಾಮ ಮೊದಲು ಕನಸು ಕಾಣುತ್ತಾನೆ. ಆಮೇಲೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಬಾಗಿಲು ತೆರೆಯಬೇಕು, ಯಾವ ಮಾತು ಯಾರ ಕಿವಿಗೆ ಬೀಳಬೇಕು ಎಂದು ಸನ್ನಿವೇಶ ಕಟ್ಟುತ್ತಾನೆ. ಹಗಲುಗನಸಿಗೂ ಕಸುಬಿಗೂ ಇರುವ ನಂಟು ಇಷ್ಟು ಸ್ಪಷ್ಟವಾಗಿ ಕಾಣುವ ಕತೆ ಕನ್ನಡದಲ್ಲಿ ಕಡಿಮೆ.

ಅಷ್ಟೇ ಸ್ಪಷ್ಟವಾಗಿ ಅದರ ಕೊರತೆಯೂ ಕಾಣುತ್ತದೆ. ಶ್ಯಾಮನ ಕನಸಿಗೆ ಯಾರೂ ಅಡ್ಡ ಬರುವುದಿಲ್ಲ. ರಂಗನ ತತ್ವ ಒಂದು ಹಾಡಿಗೆ ಕರಗಿಹೋಗುತ್ತದೆ. ರತ್ನ ತಲೆ ತಗ್ಗಿಸುತ್ತಾಳೆ, ಒಳಗೆ ಓಡುತ್ತಾಳೆ. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ನೂರು ವರ್ಷದ ಹಿಂದಿನ ಕತೆಯನ್ನು ಇಂದಿನ ಕಾನೂನಿಟ್ಟು ಅಳೆಯುತ್ತಿಲ್ಲ. ನನ್ನ ಮಾತು ಕಸುಬಿನದು. ಬೇಡ ಎನ್ನುವ ಶಕ್ತಿ ಪಾತ್ರಕ್ಕೆ ಇಲ್ಲದಿದ್ದರೆ ಅದು ಇನ್ನೂ ಕನಸುಗಾರನ ಆಸೆಯಷ್ಟೆ. ಮಾಸ್ತಿಯವರಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ತಮಗೂ ಕತೆಗೂ ನಡುವೆ ಇಷ್ಟೊಂದು ಜಂಬದ ಶ್ಯಾಮನನ್ನು ನಿಲ್ಲಿಸಿ, ಅವನ ಬಗ್ಗೆ ನಾವು ನಗುವಂತೆ ಮಾಡಿದ್ದೇ ಅದಕ್ಕೆ ಸಾಕ್ಷಿ.

ಇದರ ಎದುರಿಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ಇಟ್ಟು ನೋಡಿ. ಚಿತ್ತಾಲರು ನಮ್ಮ ಹಾಗೆಯೇ ಊರು ಬಿಟ್ಟವರು. ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಲೇ ಬರೆದವರು. ‘ಶಿಕಾರಿ’ಯ ನಾಗಪ್ಪ ಕಂಪನಿಯೊಂದರ ಅಧಿಕಾರಿ. ದಿಢೀರನೆ ಅಮಾನತಾಗುತ್ತಾನೆ. ತನ್ನನ್ನು ಬೇಟೆಯಾಡುತ್ತಿರುವವರು ಯಾರು, ಯಾಕೆ ಎಂದು ಒಬ್ಬೊಬ್ಬರನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಊಹಿಸುತ್ತಾ ಹೋಗುತ್ತಾನೆ. ಅವನೂ ಶ್ಯಾಮನ ಹಾಗೆ ತಲೆಯೊಳಗೆ ಪಾತ್ರ ಕಟ್ಟುವವನೇ. ಆದರೆ ಇಲ್ಲಿ ಪಾತ್ರಗಳು ಅವನ ಮಾತು ಕೇಳುವುದಿಲ್ಲ. ಸಹೋದ್ಯೋಗಿಯನ್ನು ಕಲ್ಪಿಸಿಕೊಳ್ಳಲು ಹೊರಟರೆ ಅವನ ಬಾಲ್ಯವೇ ಎದ್ದು ಬರುತ್ತದೆ. ಹಗಲುಗನಸು ಅವನಿಗೆ ಸಾಂತ್ವನ ಕೊಡುವ ಬದಲು ಅವನನ್ನೇ ವಿಚಾರಣೆಗೆ ನಿಲ್ಲಿಸುತ್ತದೆ. ಅಷ್ಟು ದಪ್ಪ ಪುಸ್ತಕ ಉಸಿರು ಬಿಡದೆ ಓದಿಸಿಕೊಳ್ಳುವುದು ಆ ಕಾರಣಕ್ಕೇ.

ಈಗ ನನ್ನ ನೋಟ್‌ಬುಕ್ಕಿನ ವಿಷಯ. ನನ್ನ ನಾಯಕನ ಹೆಸರು ಗಂಗಾಧರ. ಮಧುಗಿರಿ ಕಡೆಯವನು, ಗೋಡೌನ್ ಸ್ಟ್ರೀಟಿನ ಸಗಟು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. “ನೀನು ಉದ್ಧಾರ ಆಗಲ್ಲ” ಎಂದ ಅಪ್ಪನ ಮೇಲೆ ಸಿಟ್ಟಾಗಿ ಊರು ಬಿಟ್ಟವನು. ನಾಲ್ಕು ವರ್ಷ ನಾನು ಕಂಡ ಕನಸು ಒಂದೇ. ಯುಗಾದಿಗೆ ಅವನು ಊರಿಗೆ ಹೋಗುತ್ತಾನೆ, ಬಾಗಿಲಲ್ಲಿ ಅಪ್ಪ ಕಣ್ಣು ತುಂಬಿಕೊಂಡು ನಿಂತಿರುತ್ತಾರೆ. ಬಸ್ ನಿಲ್ದಾಣದಲ್ಲಿ ನನಗೂ ಗಂಟಲು ಕಟ್ಟುತ್ತಿತ್ತು. ಬರೆಯಲು ಕೂತರೆ ಮಾತ್ರ ಒಂದು ಸಾಲೂ ಬರುತ್ತಿರಲಿಲ್ಲ. ಅವನಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಆ ಬಾಗಿಲಲ್ಲಿ ನಿಂತಿದ್ದವರು ನನ್ನ ಅಪ್ಪ, ಹೊಸ ಅಂಗಿ ಹಾಕಿಕೊಂಡು ಬಂದವನು ನಾನು.

ಮೂರು ವಾರದ ಹಿಂದೆ ಒಂದು ಸಂಜೆ, ಅದೇ ಜಾಗದಲ್ಲಿ, ಗಂಗಾಧರನ ಫೋನು ರಿಂಗಾಯಿತು. ಅಪ್ಪನದು. ಅವನು ಹೆಸರು ನೋಡಿದ, ಫೋನನ್ನು ಜೇಬಿಗಿಟ್ಟುಕೊಂಡ. ಎತ್ತೋ ಮಾರಾಯ ಅಂದೆ. ಎತ್ತಲಿಲ್ಲ. ಕ್ಷಮಿಸುವ ಮನಸ್ಸು ನನಗಿತ್ತು, ಅವನಿಗಿರಲಿಲ್ಲ. ಬಂದ ಬಸ್ಸನ್ನು ಬಿಟ್ಟು, ಬಾಗಿಲು ಹಾಕಿದ್ದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚೀಲದಲ್ಲಿದ್ದ ಬಿಲ್ಲಿನ ಹಿಂದೆ ಬರೆದುಕೊಂಡೆ.

ಹಾಗಿದ್ದರೆ ಅದಕ್ಕೆ ಮುಂಚಿನ ನಾಲ್ಕು ವರ್ಷದ ಕನಸು ದಂಡವೇ? ಅಲ್ಲ. ಅಷ್ಟು ದಿನ ಅವನ ಜೊತೆ ಓಡಾಡದೆ ಇದ್ದಿದ್ದರೆ, ಅವನು ಬೇಡ ಅಂದದ್ದು ನನಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ಆ ನಾಲ್ಕು ವರ್ಷವನ್ನು ಬರವಣಿಗೆ ಎಂದು ಕರೆದುಕೊಂಡು ಸಮಾಧಾನಪಟ್ಟದ್ದು ತಪ್ಪು. ಹಾಗೆ ಕರೆಯುವ ಹಕ್ಕು ನನಗೆ ಬಂದದ್ದು ಆ ಸಂಜೆಯಿಂದ.

ನೋಟ್‌ಬುಕ್ಕಿನಲ್ಲಿ ಈಗ 14 ಪುಟ ತುಂಬಿದೆ. ಗಂಗಾಧರ ಇನ್ನೂ ಫೋನ್ ಎತ್ತಿಲ್ಲ. ನಾನು ಮಾತ್ರ ಕಳೆದ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ.