ಹೃದಯಶೂಲೆಯನ್ನು ಕುರಿತ ಬ್ರಂಟನ್ನನ ಲೇಖನ

ವೈದ್ಯರು ತಮ್ಮವರಿಗಾಗಿ ಬರೆದ ಬರಹವನ್ನು ವಿಮರ್ಶೆಗೆ ಎತ್ತಿಕೊಳ್ಳುವ ವಾಡಿಕೆ ಕಡಮೆ. ಆದರೂ ೧೮೬೭ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾದ ಲಾಡರ್ ಬ್ರಂಟನ್ನನ ಕಿರುಲೇಖನವು ಗದ್ಯವಾಗಿಯೂ ಓದತಕ್ಕದ್ದು. ಅಮೈಲ್ ನೈಟ್ರೈಟ್ ಎಂಬ ದ್ರವದ ಆವಿಯಿಂದ ಹೃದಯಶೂಲೆ ಅಡಗುವುದೆಂಬುದೇ ಅದರ ವಿಷಯ. ಎಡಿನ್‌ಬರೋ ಆಸ್ಪತ್ರೆಯಲ್ಲಿ ರಾತ್ರಿಯ ಹೊತ್ತು ಶೂಲೆಯೇರಿದಾಗ ರೋಗಿಯ ನಾಡಿಯ ರೇಖೆಯನ್ನು ಯಂತ್ರದಿಂದ ಬರೆಸಿಕೊಂಡ ಆ ತರುಣನು, ಧಮನಿಗಳ ಒತ್ತಡ ಹೆಚ್ಚುವುದನ್ನು ಕಂಡನು. ರಕ್ತ ತೆಗೆದರೆ ನೋವು ತಗ್ಗುತ್ತಿತ್ತು. ಹಾಗಾದರೆ ಒತ್ತಡವನ್ನಿಳಿಸುವ ಆವಿಯೂ ತಗ್ಗಿಸಬೇಕಷ್ಟೆ! ಐದರಿಂದ ಹತ್ತು ತೊಟ್ಟನ್ನು ಬಟ್ಟೆಯ ಮೇಲೆ ಹಾಕಿ ಮೂಸಿಸಲು, ನಿಮಿಷದೊಳಗೆ ರೋಗಿಯ ಮುಖ ಕೆಂಪೇರಿ ನೋವು ಹೋಯಿತು.

ರಕ್ತ ತೆಗೆದುದರ ಗುಣವು ಒತ್ತಡ ಇಳಿದುದರಿಂದಲೇ ಬಂತೆಂಬುದನ್ನು ಬ್ರಂಟನ್ನನು ತನ್ನ ನಂಬಿಕೆಯೆಂದೇ ಹೇಳುತ್ತಾನೆ, ಸಿದ್ಧಾಂತವೆಂದಲ್ಲ. ಈ ಸಂಯಮವೇ ಲೇಖನದ ಸೊಗಸು. ಅವನ ಬಳಿಕ, ೧೮೭೯ರಲ್ಲಿ ಮರೆಲ್ಲನು ನೈಟ್ರೋಗ್ಲಿಸರಿನ್ನನ್ನು ಬಳಕೆಗೆ ತಂದನು. ಇಂಥ ಮದ್ದು ಹೃದಯದ ರಕ್ತನಾಳಗಳನ್ನು ಹಿಗ್ಗಿಸುವುದರಿಂದಲೇ ನೋವು ಕಳೆಯುವುದೆಂದು ಬಹುಕಾಲ ಬೋಧಿಸಿದರು. ಅದು ಅರ್ಧಸತ್ಯ. ಮುಖ್ಯವಾಗಿ ದೇಹದ ಸಿರೆಗಳು ಸಡಿಲಗೊಂಡು, ಹೃದಯಕ್ಕೆ ಮರಳುವ ರಕ್ತ ಕಡಮೆಯಾಗಿ, ಅದರ ಗೋಡೆಯ ಬಿಗುವೂ ಆಮ್ಲಜನಕದ ಬೇಡಿಕೆಯೂ ಇಳಿಯುತ್ತವೆ. ರಕ್ತ ತೆಗೆದಾಗಲೂ ಹೃದಯಕ್ಕೆ ಬರುವ ರಕ್ತವೇ ಕುಗ್ಗುವುದು! ಸುಳಿವು ಬ್ರಂಟನ್ನನ ಕೈಯಲ್ಲಿಯೇ ಇದ್ದಿತು. ಧಮನಿಯನ್ನೇ ನೋಡುತ್ತಿದ್ದ ಅವನು ಸಿರೆಯನ್ನು ನೋಡಲಿಲ್ಲ. ಲೇಖನದ ದೋಷ ಇದೊಂದೇ. ಆದರೂ ಹೃದಯದ ಹೊರೆಯನ್ನು ಇಳಿಸಬೇಕೆಂಬ ಅವನ ದಾರಿ ಸರಿಯಾದುದೇ.

ಜೇಮ್ಸ್ ಬ್ಲ್ಯಾಕನು ೧೯೬೦ರ ದಶಕದಲ್ಲಿ ಪ್ರೊಪ್ರನಲಾಲ್ ರೂಪಿಸಿದುದು ಅದೇ ಗುರಿಗೆ ಬೇರೆ ದಾರಿಯಿಂದ. ಅದು ಬಡಿತವನ್ನು ನಿಧಾನಿಸಿ, ಬಡಿತದ ಬಲವನ್ನು ಕುಗ್ಗಿಸುತ್ತದೆ. ಬಡಿತಗಳ ನಡುವಣ ವಿರಾಮ ನೀಳವಾದಷ್ಟೂ ಹೃದಯದ ಮಾಂಸಕ್ಕೆ ರಕ್ತ ಹರಿಯಲು ಬಿಡುವು ದೊರೆಯುತ್ತದೆ. ನೈಟ್ರೇಟುಗಳಿಂದ ನಾಡಿ ಚುರುಕಾಗುವುದು. ಪ್ರೊಪ್ರನಲಾಲ್ ಅದನ್ನು ತಡೆಯುವುದು. ಪ್ರೊಪ್ರನಲಾಲಿನಿಂದ ಹೃದಯದ ಕೋಣೆ ಹಿಗ್ಗುವುದುಂಟು. ನೈಟ್ರೇಟು ಅದನ್ನು ಕುಗ್ಗಿಸುವುದು. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಮನೆಮಾತಿನಲ್ಲಿ ಇವೆಲ್ಲವೂ ‘ಹೃದಯಕ್ಕೆ ಬಲ ಕೊಡುವ ಮಾತ್ರೆ’. ಬಲವನ್ನು ಕುಗ್ಗಿಸಿ ಕಾಪಾಡುವ ಮದ್ದಿಗೆ ಎಂಥ ಹೆಸರು! ರಕ್ತನಾಳವು ತಾನಾಗಿ ಸೆಟೆದು ಬರುವ ಶೂಲೆಯಲ್ಲಿ ಪ್ರೊಪ್ರನಲಾಲ್ ಕೆಡುಕನ್ನೇ ಮಾಡಬಹುದು. ಅಲ್ಲಿ ಕ್ಯಾಲ್ಸಿಯಂ ತಡೆಯುವ ಮದ್ದು ಬೇಕು. ಆ ವರ್ಗದಲ್ಲಿಯೂ ನಿಫೆಡಿಪೀನ್ ನಾಳವನ್ನು ಸಡಿಲಿಸಿ ನಾಡಿಯನ್ನು ಚುರುಕುಗೊಳಿಸಿದರೆ, ವೆರಪಮಿಲ್ ಬಡಿತವನ್ನೇ ಹಿಡಿದು ನಿಲ್ಲಿಸುವಷ್ಟು ಬಿಗಿಯಾದುದು. ಸೋತ ಹೃದಯಕ್ಕೆ ಅದು ಸಲ್ಲದು.