ಯುದ್ಧಭೂಮಿ ಯಾರ ಸ್ವತ್ತು?

ಸವಳಂಗ ದಾರಿಗಳು ಕೂಡುವ ಊರು. ಒಂದು ದಾರಿ ಶಿವಮೊಗ್ಗಕ್ಕೆ, ಇನ್ನೊಂದು ಶಿಕಾರಿಪುರಕ್ಕೆ, ಮತ್ತೊಂದು ನ್ಯಾಮತಿಯ ಮೂಲಕ ಹೊನ್ನಾಳಿಗೆ. ಈ ಮೂರು ದಾರಿಗಳೂ ಒಂದೊಂದು ಹಳೆಯ ರಣಭೂಮಿಗೆ ಹೋಗಿ ಮುಟ್ಟುತ್ತವೆ. 1791ರ ಡಿಸೆಂಬರ್ 29ರಂದು ಶಿವಮೊಗ್ಗದ ಬಳಿಯ ಕಾಡಿನಲ್ಲಿ ಟಿಪ್ಪುವಿನ ದಂಡು ಸೋತಿತು. ಗೆದ್ದದ್ದು ಪರಶುರಾಮ ಭಾವೂನ ಮರಾಠಾ ಸೈನ್ಯದ ಜೊತೆಗಿದ್ದ ಕ್ಯಾಪ್ಟನ್ ಲಿಟಲ್‌ನ ಮುಂಬಯಿ ಪಡೆ. 1799ರ ಆಗಸ್ಟ್‌ನಲ್ಲಿ ಕಂಪನಿ ಸೈನ್ಯ ಧೋಂಡಿಯಾ ವಾಘನನ್ನು ಶಿಕಾರಿಪುರದಿಂದ ಓಡಿಸಿತು. 1830-31ರ ನಗರದ ರೈತ ದಂಗೆಯಲ್ಲಿ ಹೊನ್ನಾಳಿಯೂ ಕಾದಾಟದ ನೆಲವಾಯಿತು. ಆ ದಂಗೆಯ ನೆಪದಲ್ಲೇ ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು.

ಇಂದು ಈ ನೆಲವೆಲ್ಲ ಮೆಕ್ಕೆಜೋಳದ ಹೊಲ, ಅಡಿಕೆ ತೋಟ, ಕಾಡು, ಊರು, ತಾಂಡಾ. ಐತಿಹಾಸಿಕ ನೆಲಗಳನ್ನು ‘ಅಭಿವೃದ್ಧಿ’ಪಡಿಸಬೇಕೆಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಕಮಾನು, ಪ್ರತಿಮೆ, ಕಾರಂಜಿ, ಟಿಕೆಟ್ ಕೌಂಟರ್ ಇರುವ ಒಂದು ನೀಲನಕ್ಷೆ ಸಿದ್ಧವಾಗುತ್ತದೆ. ಆ ನಕ್ಷೆ ಬಿಡಿಸುವ ಮುನ್ನ ಒಂದು ಪ್ರಶ್ನೆ ಕೇಳಬೇಕೆಂಬುದು ನಮ್ಮ ವಾದ. ಈ ನೆಲದ ನಾಳೆಯನ್ನು ತೀರ್ಮಾನಿಸುವವರು ಯಾರು?

ಕೇಳದೆ ಮಾಡಿದರೆ ಏನಾಗುತ್ತದೆಂದು ತಿಳಿಯಲು ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಕರ್ನಾಟಕದಲ್ಲಿ ಯುದ್ಧಭೂಮಿ ಉದ್ಯಾನ ಎನ್ನಬಹುದಾದ ನೆಲವಿದ್ದರೆ ಅದು ಅದೇ. ಅಲ್ಲಿ ಕೋಟೆ ಬಿರುಕು ಬಿಟ್ಟ ಜಾಗದ ಬಳಿ 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ ಸ್ಮಾರಕಸ್ತಂಭವಿದೆ. 1799ರ ಮೇ 4ರಂದು ಜನರಲ್ ಹ್ಯಾರಿಸ್‌ನ ಸೈನ್ಯ ಕೋಟೆ ಗೆದ್ದದ್ದನ್ನೂ ಆ ಸೈನ್ಯದ ಅಧಿಕಾರಿಗಳ ಶೌರ್ಯವನ್ನೂ ಅದು ನೆನೆಯುತ್ತದೆ. ಅದೇ ರಾತ್ರಿ ಸೂರೆಯಾದ ಊರಿನ ಸುಳಿವು ಅದರಲ್ಲಿಲ್ಲ. ಇನ್ನೊಂದು ಕಡೆ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಗೆಲುವಿನ ಚಿತ್ರವಿದೆ. ಅದು ಅರಸನ ಹೆಮ್ಮೆ. ಕಲ್ಲು ಒಬ್ಬ ಗೆದ್ದವನದು, ಗೋಡೆ ಇನ್ನೊಬ್ಬ ಗೆದ್ದವನದು. ಎರಡರ ನಡುವೆ ಆ ದ್ವೀಪದಲ್ಲಿ ಬಾಳಿದ ನೇಕಾರ, ಬೆಸ್ತ, ಸಿಪಾಯಿಯ ವಿಧವೆ ಎಲ್ಲಿಯೂ ಕಾಣುವುದಿಲ್ಲ.

2017ರಲ್ಲಿ ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗಾಗಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಕೂರಿಸಲಾಯಿತು. ಅದರಿಂದಾಗಿ ವರ್ಷಗಳ ಕಾಲ ನಿಂತಿದ್ದ ಕಾಮಗಾರಿ ಮುಂದುವರಿಯಿತು. ಕಟ್ಟಡ ಒಡೆಯದೆ ಉಳಿಯಿತೆಂಬುದು ಸಂತೋಷದ ಸಂಗತಿ, ತಂತ್ರಜ್ಞರ ಕೌಶಲವೂ ದೊಡ್ಡದು. ಆದರೆ ಮದ್ದಿನ ಮನೆ ಎಲ್ಲಿತ್ತು, ಅಲ್ಲೇ ಯಾಕೆ ಇತ್ತು ಎಂಬುದೇ ಯುದ್ಧಭೂಮಿಯ ಪಾಠ. ಇಂಥದ್ದು ರೈಲ್ವೆ ಮತ್ತು ಇಲಾಖೆಗಳ ಕಡತದಲ್ಲಿ ಮಾತ್ರ ಇತ್ಯರ್ಥವಾಗಬೇಕಾದ ವಿಷಯವೇ?

ಹೊರಗಿನ ಎರಡು ಉದಾಹರಣೆಗಳನ್ನು ನೋಡೋಣ. ನೆಪೋಲಿಯನ್ 1815ರಲ್ಲಿ ಸೋತ ವಾಟರ್ಲೂ ಬಯಲಿನಲ್ಲಿ ಅಲ್ಲಿನ ದೊರೆ ಒಂದು ಗುಡ್ಡ ಕಟ್ಟಿಸಿ ಮೇಲೆ ಸಿಂಹವನ್ನು ಕೂರಿಸಿದ. 1826ರಲ್ಲಿ ಅದು ಮುಗಿಯಿತು. ಮಣ್ಣು ತೆಗೆದದ್ದು ಯುದ್ಧ ನಡೆದ ದಿಣ್ಣೆಯಿಂದಲೇ! ಸ್ಮಾರಕ ಎದ್ದಿತು, ಸ್ಮರಿಸಬೇಕಾದ ನೆಲದ ಆಕಾರವೇ ಕೆಟ್ಟಿತು. ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1974ರಲ್ಲಿ ಜನರ ವಿರೋಧದ ನಡುವೆಯೂ ಖಾಸಗಿಯವರು 300 ಅಡಿಗೂ ಮಿಕ್ಕಿದ ವೀಕ್ಷಣಾ ಗೋಪುರ ಕಟ್ಟಿದರು. 2000ದ ಜುಲೈ 3ರಂದು ಅದನ್ನು ಕೆಡವಲಾಯಿತು. ಅಲ್ಲಿ ಉದ್ಯಾನದ ಯೋಜನೆಯ ಕರಡನ್ನು ಜನರ ಮುಂದಿಟ್ಟು, ಸಭೆ ಕರೆದು, ಆಕ್ಷೇಪ ಕೇಳುವ ರೂಢಿ ಬೆಳೆದುಬಂದಿದೆ. ಆ ದೇಶದ ಅಂತರ್ಯುದ್ಧದ ಉದ್ಯಾನಗಳು ಬಹುಕಾಲ ಸೇನಾಪತಿಗಳ ಚಾತುರ್ಯವನ್ನಷ್ಟೇ ಹೇಳುತ್ತಿದ್ದವು, ಗುಲಾಮಗಿರಿಯ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಯುದ್ಧದ ಕಾರಣವನ್ನೂ ಹೇಳಬೇಕೆಂದು 1990ರ ದಶಕದ ಕೊನೆಗೆ ಅವರ ಸಂಸತ್ತೇ ಸೂಚಿಸಿತು. ಹೊಸಬರು ಸಭೆಯೊಳಗೆ ಬಂದಾಗ ಕಥೆಯೇ ಬದಲಾಗುತ್ತದೆ. ಬದಲಾವಣೆಗೆ ಹೆದರುವವರು ಸಭೆಯನ್ನೇ ಕರೆಯುವುದಿಲ್ಲ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಒಂದು ತಾಣವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು, ಅದರ ಪ್ರತಿಯನ್ನು ಸ್ಥಳದ ಬಳಿ ಅಂಟಿಸಬೇಕು. 2010ರ ತಿದ್ದುಪಡಿ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶ ಎಂದಿತು. ಅಂದರೆ ಅಲ್ಲಿರುವ ಬಡವನ ಮನೆಯ ರಿಪೇರಿಗೂ ಅನುಮತಿ ಬೇಕು. ಬದುಕಿನ ಮೇಲೆ ಇಷ್ಟು ಭಾರ ಹೊರಿಸುವ ನಿಯಮದ ಬಗ್ಗೆ ಆ ಬದುಕಿನವರಿಗೆ ಸಿಗುವುದು ಗೋಡೆಗಂಟಿದ ಒಂದು ಹಾಳೆ. ಓದಲು ಬಾರದವನಿಗೆ, ಕೂಲಿಗೆ ಹೋದವಳಿಗೆ, ಮನೆಯಲ್ಲಿ ಉರ್ದುವನ್ನೋ ಲಂಬಾಣಿಯನ್ನೋ ಆಡುವವರಿಗೆ ಆ ಹಾಳೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೋಟಿಸ್ ಕೊಟ್ಟ ಮಾತ್ರಕ್ಕೆ ಸಮಾಲೋಚನೆ ಆದಂತಲ್ಲ.

ಸಮಾಲೋಚನೆ ಎಂದರೇನೆಂಬುದು ನಮ್ಮ ಓದುಗರಿಗೆ ಹೊಸದಲ್ಲ. ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ‘ಶೂರಾ’. ಕ್ರಿ.ಶ. 625ರ ಉಹುದ್ ಯುದ್ಧಕ್ಕೆ ಮುಂಚೆ ಊರೊಳಗೇ ಇದ್ದು ಎದುರಿಸುವುದು ಪ್ರವಾದಿವರ್ಯರ(ಸ) ಸ್ವಂತ ಅಭಿಪ್ರಾಯವಾಗಿತ್ತು. ಹೊರಗೆ ಹೋಗಿ ಕಾದಬೇಕೆಂಬ ಸಂಗಾತಿಗಳ ಒತ್ತಾಯಕ್ಕೆ ಅವರು ಒಪ್ಪಿದರು. ಆ ದಿನ ದೊಡ್ಡ ನಷ್ಟವಾಯಿತು. ಆ ಬಳಿಕ ಬಂದ ಆದೇಶ, ಅವರನ್ನು ಕ್ಷಮಿಸಿ, ಅವರೊಡನೆ ಸಮಾಲೋಚನೆಯನ್ನು ಮುಂದುವರಿಸಿ ಎಂದಾಗಿತ್ತು. ಜನರನ್ನು ಕೇಳಿದರೆ ತಪ್ಪು ತೀರ್ಮಾನವಾದೀತು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ? ಅನುಭವ ಮಂಟಪದ ಶೂನ್ಯಪೀಠವೇರಿದ ಅಲ್ಲಮನೂ ಇದೇ ಶಿಕಾರಿಪುರ ಸೀಮೆಯ ಬಳ್ಳಿಗಾವಿಯವನು. ಕೂಡಿ ಮಾತಾಡಿ ತೀರ್ಮಾನಿಸುವುದು ಈ ನೆಲಕ್ಕೆ ಹೊರಗಿನಿಂದ ಬಂದ ಪದ್ಧತಿಯಲ್ಲ.

ಇಲ್ಲಿ ಮುಸ್ಲಿಮ್ ಸಂಘಟನೆಗಳಿಗೂ ಒಂದು ಮಾತು ಹೇಳಬೇಕಾಗಿದೆ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಎರಡೂ ಸಲ ತೀರ್ಮಾನ ಮೇಲಿನದು, ಬೀದಿಯಲ್ಲಿ ಅದರ ಬೆಲೆ ತೆತ್ತವರು ಕೆಳಗಿನವರು. ಒಂದು ದಿನದ ಉತ್ಸವಕ್ಕೆ ತೋರಿದ ಉತ್ಸಾಹದಲ್ಲಿ ಕಾಲು ಭಾಗವನ್ನಾದರೂ ಕೋಟೆಯ ಬದಿಯ ಜನರ ಹಕ್ಕುಪತ್ರಕ್ಕೆ, ಖಬರಸ್ತಾನದ ದಾರಿಗೆ, ಸ್ಮಾರಕದ ಫಲಕದ ಭಾಷೆಗೆ ತೋರಿದ್ದರೆ ಚೆನ್ನಾಗಿತ್ತು.

ಏಕೆಂದರೆ ನಿಜವಾದ ಚರಿತ್ರೆ ಯಾರ ಪಕ್ಷಕ್ಕೂ ಪೂರ್ತಿ ಒಗ್ಗುವುದಿಲ್ಲ. 1791ರಲ್ಲಿ ಮರಾಠಾ ಸೈನ್ಯದ ಸವಾರರು ಶೃಂಗೇರಿ ಮಠವನ್ನು ಸೂರೆ ಮಾಡಿದರು, ಅದರ ಪುನಃಸ್ಥಾಪನೆಗೆ ನೆರವಾದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಆರ್. ನರಸಿಂಹಾಚಾರ್ಯರು. ಚನ್ನಗಿರಿಯವನೆನ್ನಲಾಗುವ ಧೋಂಡಿಯಾನನ್ನು ಸೆರೆಯಲ್ಲಿಟ್ಟು ಬಲವಂತದಿಂದ ಮತಾಂತರಿಸಿದವನೂ ಅದೇ ಟಿಪ್ಪು. ಸೆರೆಯಿಂದ ಹೊರಬಂದ ಆ ಧೋಂಡಿಯಾ ಟಿಪ್ಪುವಿನ ಅಳಿದುಳಿದ ಸೈನಿಕರನ್ನು ಕೂಡಿಸಿಕೊಂಡು ಕಂಪನಿಯ ವಿರುದ್ಧ ಹೋರಾಡಿ 1800ರ ಸೆಪ್ಟೆಂಬರ್ 10ರಂದು ಸತ್ತ. ಅವನ ಮಗ ಸಲಾಬತ್ ಖಾನನ ಪಾಲನೆಗೆ ಹಣವಿಟ್ಟವನು ಅವನನ್ನು ಬೆನ್ನಟ್ಟಿ ಮುಗಿಸಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದವನು. ಇದನ್ನು ಒಂದು ಪ್ರತಿಮೆಯಲ್ಲಿ ಹೇಗೆ ಕೆತ್ತುತ್ತೀರಿ? ಮೆಚ್ಚಿನ ಸಾಲನ್ನು ಉಳಿಸಿ ಮುಜುಗರದ ಸಾಲನ್ನು ಅಳಿಸುವ ಹಕ್ಕು ಸರ್ಕಾರಕ್ಕಿಲ್ಲ, ನಮಗೂ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ನಾಳೆ ಸವಳಂಗದ ಸುತ್ತಲಿನ ಯಾವ ರಣಭೂಮಿಗೆ ಯೋಜನೆ ಬಂದರೂ ಅದು ಮೊದಲು ಗ್ರಾಮಸಭೆಗೆ ಬರಲಿ. ಸಭೆ ಜಿಲ್ಲಾ ಕೇಂದ್ರದ ಹೋಟೆಲಿನಲ್ಲಿ ಬೇಡ, ಊರ ಶಾಲೆಯ ಅಂಗಳದಲ್ಲಿ ನಡೆಯಲಿ. ಸಂತೆಯ ದಿನ ಬೇಡ, ಶುಕ್ರವಾರದ ನಮಾಝಿನ ಹೊತ್ತು ಬೇಡ, ಕೂಲಿಯವರು ಮನೆ ಸೇರಿದ ಮೇಲೆ ಇರಲಿ. ತಾಂಡಾದ ಹೆಂಗಸರಿಗೂ ದರ್ಗಾದ ಮುಜಾವರರಿಗೂ ದನ ಮೇಯಿಸುವವರಿಗೂ ಮಾತಿನ ಪಾಳಿ ಇರಲಿ. ಹೇಳಿದ್ದನ್ನೆಲ್ಲ ಬರೆದುಕೊಳ್ಳಲಿ. ಒಪ್ಪದಿದ್ದ ಸಲಹೆಯನ್ನು ಏಕೆ ಒಪ್ಪಲಿಲ್ಲವೆಂದು ಮುಂದಿನ ಸಭೆಯಲ್ಲಿ ತಿಳಿಸಲಿ. ಇಷ್ಟಾದ ಮೇಲೆ ಬೇಕಾದರೆ ಕಲ್ಲು ನೆಡಲಿ.

ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು, ಅದಕ್ಕಾಗಿ ಐವರು 1943ರಲ್ಲಿ ಗಲ್ಲಿಗೇರಿದರು. ತನ್ನ ಊರಿನ ಆಡಳಿತ ತನ್ನದೆಂದು ಪ್ರಾಣ ಕೊಟ್ಟವರ ಸೀಮೆಯಿದು. ಇಲ್ಲಿನವರಿಗೆ ಅವರ ನೆಲದ ನಕ್ಷೆಯನ್ನು ತೋರಿಸಿ ಅವರ ಮಾತು ಕೇಳಲು ಅಧಿಕಾರಿಗಳು ಹಿಂಜರಿಯಬೇಕಾಗಿಲ್ಲ.