ಶ್ರುತಿ ಮಾತ್ರ ಉಳಿದ ಚರ್ಚು

ಡೆನ್ಮಾರ್ಕಿನ ಧ್ವನಿಕಲಾವಿದ ಜೇಕಬ್ ಕಿರ್ಕೆಗಾರ್ಡ್ 2005ರ ಅಕ್ಟೋಬರಿನಲ್ಲಿ ಉಕ್ರೇನಿನ ಚೆರ್ನೋಬಿಲ್ ನಿಷೇಧಿತ ವಲಯವನ್ನು ಪ್ರವೇಶಿಸಿದರು. ಕ್ರಾಸ್ನೊ ಎಂಬ ಹಳ್ಳಿಯ, ಜನ ತೊರೆದ ಚರ್ಚಿನಲ್ಲಿ ಮೈಕನ್ನೂ ರೆಕಾರ್ಡರನ್ನೂ ಇರಿಸಿ ತಾವು ಹೊರಗೆ ಬಂದರು. ಹತ್ತು ನಿಮಿಷಗಳ ನಿಶ್ಶಬ್ದ ದಾಖಲಾಯಿತು. ಅದನ್ನು ಅದೇ ಚರ್ಚಿನೊಳಗೆ ಧ್ವನಿವರ್ಧಕದಿಂದ ಕೇಳಿಸಿ, ಕೇಳಿಸುತ್ತಿರುವಾಗಲೇ ಮತ್ತೆ ಮುದ್ರಿಸಿಕೊಂಡರು. ಮುದ್ರಿಕೆಯ ಮೇಲೆ ಮುದ್ರಿಕೆ, ಹತ್ತರ ತನಕ. ಇದೇ ಕ್ರಮವನ್ನು ಇನ್ನೂ ಮೂರು ಸ್ಥಳಗಳಲ್ಲಿ ಅನುಸರಿಸಿ, ದುರಂತಕ್ಕೆ ಇಪ್ಪತ್ತು ವರ್ಷ ತುಂಬಿದ 2006ರಲ್ಲಿ ‘ಫೋರ್ ರೂಮ್ಸ್’ ಎಂಬ ಮುದ್ರಿಕೆಯನ್ನು ಹೊರತಂದರು. ಚರ್ಚು, ಸಭಾಂಗಣ, ಈಜುಕೊಳ, ವ್ಯಾಯಾಮಶಾಲೆ: ನಾಲ್ಕೂ ಒಂದು ಕಾಲಕ್ಕೆ ಜನ ಕೂಡುತ್ತಿದ್ದ ಜಾಗಗಳು.

ಈ ವಿಧಾನ ಅವರ ಸ್ವಂತದ್ದಲ್ಲ. ಅಮೆರಿಕದ ಆಲ್ವಿನ್ ಲೂಸಿಯರ್ 1969ರಲ್ಲಿ ಒಂದು ಕೋಣೆಯಲ್ಲಿ ಕುಳಿತು, ತಾವೇನು ಮಾಡುತ್ತಿದ್ದೇವೆ ಎಂಬುದನ್ನೇ ವಿವರಿಸುವ ಕೆಲವು ವಾಕ್ಯಗಳನ್ನು ಓದಿ ಮುದ್ರಿಸಿ, ಅದನ್ನು ಆ ಕೋಣೆಯಲ್ಲೇ ಮತ್ತೆ ಮತ್ತೆ ಕೇಳಿಸಿ ಮುದ್ರಿಸಿದ್ದರು. ಪ್ರತಿ ಆವರ್ತನೆಯಲ್ಲೂ ಕೋಣೆಯ ಅಳತೆಗೆ ಹೊಂದುವ ಕಂಪನಗಳು ಬಲಿಯುತ್ತವೆ, ಉಳಿದವು ಸವೆಯುತ್ತವೆ. ಮಾತು ಕ್ರಮೇಣ ಕರಗಿ ನಾದವಾಗುತ್ತದೆ. ಲೂಸಿಯರ್ ಉಗ್ಗುತ್ತಿದ್ದರು; ಅವರ ತೊದಲು ಕರಗುವುದನ್ನು ಕೇಳುವುದರಲ್ಲಿ ಆ ಕೃತಿಯ ಜೀವವಿದೆ. ಕ್ರಾಸ್ನೊ ಚರ್ಚಿನಲ್ಲಿ ಕರಗಬೇಕಾದ ಮಾತೇ ಇಲ್ಲ. ಮೊದಲು ಗಾಳಿಯಂಥ ಒಂದು ಮಂದ ಸದ್ದು, ಬಳಿಕ ನಿಧಾನವಾಗಿ ತುಂಬಿಕೊಳ್ಳುವ ಗುಂಯ್‌ಗಾರ. ತಂಬೂರಿ ಮಿಡಿಯುವವರು ಎದ್ದುಹೋದ ಮೇಲೂ ಶ್ರುತಿ ನಿಲ್ಲದೆ ಉಳಿದಂತೆ.

ಕನ್ನಡದಲ್ಲಿ ‘ಶಬ್ದ’ವೆಂದರೆ ಸದ್ದೂ ಹೌದು, ಪದವೂ ಹೌದು. ಜೀವದ ಇಚ್ಛೆಯಿಂದ, ಅನುಕೂಲವಾದ ವಾಯುವಿನಿಂದ, ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆಂದು ‘ಶಬ್ದಮಣಿದರ್ಪಣ’ದ ಕೇಶಿರಾಜ ವಿವರಿಸುತ್ತಾನೆ. ವ್ಯಾಕರಣ ಬರೆಯಹೊರಟವನಿಗೆ ಇದು ಸಹಜವಾದ ಆರಂಭ. ಆದರೆ ಆ ವಿವರಣೆಯಲ್ಲಿ ಬಿಡಲಾಗದ ಒಂದು ಷರತ್ತಿದೆ: ಇಚ್ಛಿಸುವ ಜೀವ ಇರಬೇಕು. ಕಿರ್ಕೆಗಾರ್ಡರ ಚರ್ಚಿನಲ್ಲಿ ದ್ರವ್ಯವಿದೆ, ವಾಯುವಿದೆ, ಇಚ್ಛಿಸುವ ಜೀವ ಮಾತ್ರ ಇಲ್ಲ. ಕೃತಿಯ ಆಕರ್ಷಣೆಯೂ ಅದರ ತೊಡಕೂ ಈ ಒಂದೇ ಕೊರತೆಯಲ್ಲಿವೆ.

ತೊಡಕನ್ನು ಮೊದಲು ಹೇಳಬೇಕು. ವಿಕಿರಣಕ್ಕೆ ಸದ್ದಿಲ್ಲ. ಈ ಗುಂಯ್‌ಗಾರವನ್ನು ವಿಕಿರಣ ಹುಟ್ಟಿಸಿದ್ದಲ್ಲ. ಗೋಡೆಗಳ ಅಂತರ, ಚಾವಣಿಯ ಎತ್ತರ ಹುಟ್ಟಿಸಿದ್ದು. ಅದರೊಂದಿಗೆ ಮೈಕು ಮತ್ತು ಧ್ವನಿವರ್ಧಕಗಳ ಸ್ವಂತ ಗುಣವೂ ಪ್ರತಿ ಸುತ್ತಿನಲ್ಲಿ ಅಷ್ಟಷ್ಟು ಬೆರೆಯುತ್ತದೆ. ಕೋಣೆ ತಾನೇ ಮಾತಾಡಿತೆಂಬುದು ಅರ್ಧ ರೂಪಕ. ಚೆರ್ನೋಬಿಲ್ ಎಂಬ ಹೆಸರನ್ನು ಮುಚ್ಚಿಟ್ಟು ಕೇಳಿಸಿದರೆ, ಇದು ಯಾವ ಊರಿನ ಯಾವ ಖಾಲಿ ಕಟ್ಟಡವೆಂದು ಯಾರೂ ಹೇಳಲಾರರು. ಭಾಷೆಯನ್ನು ಪೂರ್ತಿ ಹೊರಗಿಟ್ಟ ಕೃತಿ ತನ್ನ ಶೀರ್ಷಿಕೆಯ ಎರಡು ಮೂರು ಪದಗಳ ಮೇಲೆ ಇಷ್ಟೊಂದು ಭಾರ ಹಾಕುವುದು ಗಮನಿಸತಕ್ಕ ಸಂಗತಿ.

ಆದರೂ ನಾಲ್ಕು ಕೋಣೆಗಳಲ್ಲಿ ಚರ್ಚಿನದನ್ನು ಬೇರೆಯಾಗಿಯೇ ಕೇಳಬೇಕಾಗುತ್ತದೆ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳ ಪೂಜೆಯಲ್ಲಿ ಸಂಪ್ರದಾಯದಂತೆ ವಾದ್ಯಗಳಿಲ್ಲ, ಆರ್ಗನ್ ಇಲ್ಲ. ಗೋಪುರದ ಗಂಟೆಯನ್ನು ಬಿಟ್ಟರೆ ಇರುವುದು ಮನುಷ್ಯರ ಕೊರಳು ಮಾತ್ರ. ಈಜುಕೊಳದ ಅನುರಣನ ಆಕಸ್ಮಿಕ. ಚರ್ಚಿನದು ಹಾಗಲ್ಲ, ಅಲ್ಲಿ ಹಾಡುವವರು ಅದರ ಆಸರೆಯಲ್ಲೇ ಹಾಡುತ್ತಿದ್ದರು. ಹಾಗಾಗಿ ಇಲ್ಲಿ ಕೇಳಿಬರುವುದು ಭಾಗವತರಿಲ್ಲದ ಚೌಕಿಯ ಶ್ರುತಿಪೆಟ್ಟಿಗೆ. 1986ರಲ್ಲಿ ಆ ವಲಯದಿಂದ ಸುಮಾರು 1,16,000 ಜನರನ್ನು ತೆರವುಗೊಳಿಸಲಾಯಿತು. ಅವರು ಹೋದ ಕಡೆ ಕೊರಳನ್ನು ಒಯ್ದರು. ಆ ಕೊರಳಿಗೆ ಒದಗುತ್ತಿದ್ದ ಗೋಡೆಗಳನ್ನು ಒಯ್ಯಲಾಗಲಿಲ್ಲ.

ಆ ಕೊರಳುಗಳಿರುವುದು ಸ್ವೆತ್ಲಾನಾ ಅಲೆಕ್ಸಿಯೆವಿಚ್ 1997ರಲ್ಲಿ ಪ್ರಕಟಿಸಿದ ‘ಚೆರ್ನೋಬಿಲ್ ಪ್ರಾರ್ಥನೆ’ಯಲ್ಲಿ. ಏಕೋಕ್ತಿಗಳು, ನಡುನಡುವೆ ಸೈನಿಕರ, ಜನರ, ಮಕ್ಕಳ ಮೇಳಗಳು. ಹೆಸರಿಗೆ ತಕ್ಕಂತೆ ಪೂಜೆಯ ವಿನ್ಯಾಸವೇ ಗ್ರಂಥಕ್ಕಿದೆ. ಅಲ್ಲಿ ಮಾತುಗಳಿವೆ, ಅವು ಮೊಳಗಿದ ಕೋಣೆಗಳಿಲ್ಲ. ಇಲ್ಲಿ ಕೋಣೆಯಿದೆ, ಮಾತಿಲ್ಲ. ಎರಡನ್ನೂ ಜೊತೆಗಿಟ್ಟು ಓದಿದಾಗ ಒಂದು ಇನ್ನೊಂದರ ಕೊರತೆಯನ್ನು ತೋರಿಸುತ್ತದೆ, ತುಂಬಿಕೊಡುವುದಿಲ್ಲ. ಬಲವಂತದಿಂದ ಊರು ಬಿಟ್ಟವರ ನುಡಿ ಅಧ್ಯಯನಕ್ಕೆ ಇದು ಹೊರಗಿನ ಪ್ರಶ್ನೆಯಲ್ಲ. ಗಡಿನಾಡಿನಲ್ಲಿ ಹಾಡು, ಕತೆಗಳನ್ನು ಸಂಗ್ರಹಿಸುವವರು ಮೊದಲು ಮಾಡುವ ಕೆಲಸ ಫ್ಯಾನು ನಿಲ್ಲಿಸುವುದು, ಬಾಗಿಲು ಹಾಕಿಸುವುದು, ಮಗುವನ್ನು ಅಂಗಳಕ್ಕೆ ಕಳಿಸುವುದು. ಹಾಡು ಸ್ವಚ್ಛವಾಗಿ ಸಿಗುತ್ತದೆ. ಹಾಡಿದವಳು ಮಗುವನ್ನು ಗದರಿದ್ದು ಯಾವ ಭಾಷೆಯಲ್ಲಿ, ಹಿತ್ತಲಿಂದ ಕರೆದ ನೆರೆಯವಳಿಗೆ ಓಗೊಟ್ಟದ್ದು ಯಾವುದರಲ್ಲಿ ಎಂಬುದು ಬಾಗಿಲಾಚೆಗೇ ಉಳಿಯುತ್ತದೆ. ಎರಡು ಮೂರು ನುಡಿಗಳು ಒಂದೇ ಮನೆಯಲ್ಲಿ ಬಾಳುವ ಪ್ರದೇಶದಲ್ಲಿ ಇದು ಸಣ್ಣ ನಷ್ಟವಲ್ಲ.

ಈ ದೃಷ್ಟಿಯಿಂದ ಕಿರ್ಕೆಗಾರ್ಡರ ಘನತೆಯ ಪಕ್ಕದಲ್ಲಿ ಒಂದು ಬಡ ಮುದ್ರಿಕೆಯನ್ನು ಇರಿಸಬಹುದು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಈಸ್ಟ್ ಬ್ಲಾಚಿಂಗ್ಟನ್ನಿನಲ್ಲಿರುವ ಸೇಂಟ್ ಪೀಟರ್ ಚರ್ಚು ಹನ್ನೆರಡನೆಯ ಶತಮಾನದ್ದು. ಅಲ್ಲಿಯ ಸಭೆಯವರು ತಮ್ಮ ಚರ್ಚಿನ ಅರ್ಧ ಗಂಟೆಯ ನಿಶ್ಶಬ್ದವನ್ನು ‘ದ ಸೌಂಡ್ ಆಫ್ ಸೈಲೆನ್ಸ್’ ಎಂಬ ಹೆಸರಿನಲ್ಲಿ ಸಿ.ಡಿ. ಮಾಡಿ ಮಾರಿದರು. ಪ್ರತಿಗಳು ಮುಗಿದುಹೋದವೆಂದು 2013ರ ಆರಂಭದಲ್ಲಿ ಪತ್ರಿಕೆಗಳು ನಗುನಗುತ್ತಲೇ ವರದಿ ಮಾಡಿದ್ದವು. ಕಲೆಯ ಹಕ್ಕುಸಾಧನೆ ಅದಕ್ಕಿಲ್ಲ, ಆವರ್ತನೆಯಿಲ್ಲ, ಸಂಸ್ಕಾರವಿಲ್ಲ. ಪಾದಗಳ ಸಪ್ಪಳ, ದೂರದ ರಸ್ತೆಯಲ್ಲಿ ಸಾಗುವ ವಾಹನಗಳ ಸದ್ದು, ಮರದ ಬೆಂಚು ಕಿರುಗುಟ್ಟುವುದು, ಅಷ್ಟೇ. ಸ್ಟುಡಿಯೋದಲ್ಲಾಗಿದ್ದರೆ ಇವನ್ನೆಲ್ಲ ದೋಷವೆಂದು ಕತ್ತರಿಸುತ್ತಿದ್ದರು. ಕೊಂಡವರು ಕೊಂಡದ್ದು ಇವನ್ನೇ. ಬೆಂಚು ಕಿರುಗುಟ್ಟಿತೆಂದರೆ ಯಾರೋ ಬಂದು ಕುಳಿತರು, ಇಲ್ಲವೆ ಕುಳಿತವರು ಕೊಂಚ ಸರಿದರು. ಕ್ರಾಸ್ನೊ ಚರ್ಚಿನ ಮುದ್ರಿಕೆಯನ್ನು ಎಷ್ಟು ಬಾರಿ ಕೇಳಿದರೂ ಈ ಒಂದು ಸಪ್ಪಳ ಅದರಲ್ಲಿಲ್ಲ.